ಹುಲ್ಲಿನಲ್ಲಿ ಬಿದ್ದ ಕೆಂಪು ಮಫ್ಲರು

ಕಾದಂಬರಿಯಲ್ಲಿ ಮಳೆ ಬಂದರೆ ದುಃಖ, ಬಾಗಿಲು ಮುಚ್ಚಿದರೆ ಸಾವು, ಹಕ್ಕಿ ಹಾರಿದರೆ ಸ್ವಾತಂತ್ರ್ಯ. ಕಂಡದ್ದನ್ನೆಲ್ಲ ಹೀಗೆ ಸಂಕೇತ ಮಾಡಿ ನೋಟ್ಸ್ ಬರೆಸುವುದು ಜಮಖಂಡಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನನ್ನ ಇಪ್ಪತ್ತೆರಡು ವರ್ಷಗಳ ಕಸುಬು. ಮಳೆ ಬಂದರೆ ತೊಯ್ಯುತ್ತೇವೆ, ಅಷ್ಟೇ ಎಂದು ಯಾವನಾದರೂ ಬರೆದರೆ ಪುಟದುದ್ದಕ್ಕೂ ಗೆರೆ ಎಳೆದುಬಿಡುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಇಡೀ ಕಾಲೇಜಿಗೆ ಗೊತ್ತು.

ಬಿ.ಎ. ಎರಡನೆಯ ವರ್ಷಕ್ಕೆ ಒಂದು ಕಾದಂಬರಿ ಇತ್ತು. ಯಾವುದೋ ದೂರದ ದೇಶ, ಯುದ್ಧದ ಕಾಲ, ಒಂದು ವಸತಿ ಶಾಲೆ. ಬಾಂಬಿಗೆ ಹೆದರಿ ಹುಡುಗರು ಆಟದ ಬಯಲಿನಲ್ಲಿ ಕಂದಕ ತೋಡುತ್ತಾರೆ. ಇಬ್ಬರು ಜೀವದ ಗೆಳೆಯರಲ್ಲಿ ಒಬ್ಬನಿಗೆ ಸೈನ್ಯದಿಂದ ಕರೆ ಬರುತ್ತದೆ, ಇನ್ನೊಬ್ಬನಿಗೆ ಬರುವುದಿಲ್ಲ. ಹೊರಡುವ ದಿನ, ಕರೆ ಬಂದವನಿಗೆ ತಾಯಿ ಹೆಣೆದುಕೊಟ್ಟ ಕೆಂಪು ಮಫ್ಲರು ಬಯಲಿನ ಹುಲ್ಲಿನಲ್ಲಿ ಎಲ್ಲೋ ಬಿದ್ದುಹೋಗುತ್ತದೆ. ಹುಡುಕಲು ಹೋದ ಗೆಳೆಯ ಬರಿಗೈಯಲ್ಲಿ ಬಂದು ಸಿಗಲಿಲ್ಲ ಎನ್ನುತ್ತಾನೆ. ಹೋದವನು ಯುದ್ಧದಿಂದ ತಿರುಗಿ ಬರುವುದಿಲ್ಲ. ಮಫ್ಲರು ಕಣ್ಣೆದುರಿಗೇ ಬಿದ್ದಿತ್ತು, ಹೊಟ್ಟೆಕಿಚ್ಚಿಗೆ ಗೆಳೆಯ ಸುಳ್ಳು ಹೇಳಿದ ಎನ್ನುವುದು ಎಲ್ಲ ಗೈಡುಗಳ ಮಾತು. ನನ್ನ ನೋಟ್ಸಿನಲ್ಲೂ ಅದೇ ಇತ್ತು. ಯುದ್ಧ ಮೊದಲು ಮನಸ್ಸಿನಲ್ಲಿ ಹುಟ್ಟುತ್ತದೆ, ಆಮೇಲೆ ಗಡಿಯಲ್ಲಿ. ಇದು ಮುಖ್ಯ ವಿಷಯ ಎಂದು ಬರೆಸಿ ಕೆಳಗೆ ಎರಡು ಗೆರೆ ಹಾಕಿಸುತ್ತಿದ್ದೆ.

ಅದನ್ನು ಕಲಿಸಿದ ವಾರ ನಮ್ಮ ಗಡಿಯಲ್ಲೂ ಗುಂಡಿನ ಸದ್ದು ಎದ್ದಿತ್ತು. ಟಿವಿಯಲ್ಲಿ ಬೇರೆ ಸುದ್ದಿಯೇ ಇರಲಿಲ್ಲ. ನನ್ನ ತರಗತಿಯ ಅರ್ಧ ಹುಡುಗರು ಸೈನ್ಯ ಸೇರುವ ಹಂಬಲದವರು. ನಸುಕಿನಲ್ಲಿ ಎದ್ದು ಓಡಿ, ಒದ್ದೆ ಕೂದಲಲ್ಲೇ ಬಂದು ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದರು. ಅವರಲ್ಲಿ ಬನಹಟ್ಟಿಯಿಂದ ಬರುತ್ತಿದ್ದವನೊಬ್ಬ ದಿನಾ ಚಿಮ್ಮಡದವರೆಗೆ ಓಡಿ, ಓಡುತ್ತಲೇ ಮನೆಗೆ ಮರಳಿ, ಆಮೇಲೆ ಬಸ್ಸು ಹಿಡಿಯುತ್ತಿದ್ದ. ಮಾತು ಕಡಿಮೆ. ಅವನ ತಾಯಿ ಮಗ್ಗದ ಮನೆಗಳಿಗೆ ಕಂಡಿಕೆ ಸುತ್ತಿಕೊಡುತ್ತಿದ್ದಳು, ಅಂದರೆ ಸೀರೆಯ ಬಣ್ಣದ ನೂಲನ್ನು ಸಣ್ಣ ಕೊಳವೆಗಳಿಗೆ ಸುತ್ತುವ ಕೆಲಸ.

ಕಿರುಪರೀಕ್ಷೆಯಲ್ಲಿ ಮಫ್ಲರಿನ ಸಾಂಕೇತಿಕತೆ ಕೇಳಿದ್ದೆ. ತನ್ನ ಮುರುಕು ಇಂಗ್ಲಿಷಿನಲ್ಲಿ ಆ ಹುಡುಗ ಬರೆದದ್ದು ಇಷ್ಟು: 'ಅವನು ಸುಳ್ಳು ಹೇಳಲಿಲ್ಲ. ನಿಜವಾಗಿ ಹುಡುಕಿದ. ಹುಲ್ಲಿನಲ್ಲಿ ಬಿದ್ದ ಕೆಂಪು ಕಾಣುವುದಿಲ್ಲ. ಹುಲ್ಲೂ ಕೆಂಪೂ ಒಂದೇ ಇರುತ್ತದೆ. ಕಾಣದ್ದನ್ನು ಕಾಣಲಿಲ್ಲ ಎಂದವನಿಗೆ ಎಲ್ಲರೂ ಯಾಕೆ ಬೈಯುತ್ತಾರೆ?'

ನಾನು ಕುರ್ಚಿಯಿಂದ ಎದ್ದೇ ನಿಂತೆ. ಹುಲ್ಲೂ ಕೆಂಪೂ ಒಂದೇ! ಜೀವವೂ ರಕ್ತವೂ ಒಂದಾಗುವುದು, ಗೆಳೆಯನೂ ವೈರಿಯೂ ಒಂದಾಗುವುದು, ಇನ್ನೇನು ಬೇಕು? ಹತ್ತಕ್ಕೆ ಹತ್ತು ಕೊಟ್ಟೆ. ತರಗತಿಯಲ್ಲಿ ಅವನನ್ನು ನಿಲ್ಲಿಸಿ ಗಟ್ಟಿಯಾಗಿ ಓದಿದೆ. ‘ನೋಡಿ ಕಲೀರಿ, ಸಂಕೇತ ಅಂದ್ರ ಹಿಂಗ ಹಿಡೀಬೇಕು’ ಎಂದೆ. ಅವನು ಕಿವಿ ಕೆರೆದುಕೊಳ್ಳುತ್ತ ಏನೋ ಹೇಳಲು ಬಾಯಿ ತೆರೆದ. ‘ಕುಂದ್ರೋ, ವಿನಯ ಸಾಕು’ ಎಂದು ಕೂರಿಸಿದೆ. ಆ ಉತ್ತರವನ್ನು ಝೆರಾಕ್ಸ್ ಮಾಡಿಸಿ ಮುಂದಿನ ವರ್ಷದವರಿಗೂ ಹಂಚಿದೆ.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಅವನೂ ಅವನ ತಾಯಿಯೂ ನನ್ನ ಮನೆ ಬಾಗಿಲಲ್ಲಿ ನಿಂತಿದ್ದರು. ನೀರು ಕೊಟ್ಟರೆ ಕುಡಿಯಲಿಲ್ಲ.

‘ಓಟದಾಗ ಪಾಸಾದೆರೀ ಮೇಡಂ. ಎತ್ತರ, ಎದಿ, ಎಲ್ಲಾ ಆತು. ಮೆಡಿಕಲ್‌ನ್ಯಾಗ ಕಣ್ಣ ಕೈ ಕೊಟ್ಟೂವು. ನನಗ ಕೆಂಪು, ಹಸರು ಬ್ಯಾರೆ ಬ್ಯಾರೆ ಕಾಣೂದಿಲ್ಲಂತ’ ಎಂದ.

ತಾಯಿ ಸೆರಗು ಬಾಯಿಗಿಟ್ಟುಕೊಂಡಳು. ‘ಕೈಗೆ ಬಂದ ತುತ್ತು ಬಾಯಿಗಿ ಬರಲಿಲ್ಲರೀ ಬಾಯಾರ. ಸಣ್ಣಾಂವಿದ್ದಾಗ ಮಗ್ಗಕ್ಕ ಕಂಡಿಕಿ ಅದಲಬದಲ ಕೊಟ್ಟು ಸೀರಿ ಅಂಚ ಕೆಡಿಸಿದ್ದ. ಖಬರ ಎಲ್ಲೈತಿ ನಿಂದು ಅಂತ ಕಪಾಳಕ್ಕ ಹೊಡದಿದ್ನಿ. ಬಣ್ಣದಾಗ ಬಾಳೇವು ಮಾಡೋ ಮಂದಿ ನಾವು, ನಮಗ ತಿಳೀಲಿಲ್ಲ ನೋಡ್ರಿ.’

ಆ ಉತ್ತರ ನೆನಪಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ಹುಡುಗ ಕನ್ನಡಿಯನ್ನೇ ತಂದು ಕೈಗೆ ಕೊಟ್ಟಿದ್ದ. ನಾನು ಅದರಲ್ಲಿ ಜಗತ್ತಿನ ಯುದ್ಧವನ್ನೆಲ್ಲ ಕಂಡೆ, ಅವನನ್ನು ಕಾಣಲಿಲ್ಲ. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಆ ದಿನ ಬರಲಿಲ್ಲ.

‘ಎಂಟು ದಿನಕ್ಕ ಬೆಳಗಾವ್ಯಾಗ ಇನ್ನೊಮ್ಮೆ ನೋಡತಾರಂತರಿ. ವಯಸ್ಸು ಮುಗೀತು, ಇದ ಕಡೀ ಸಲ. ಬಣ್ಣ ನೋಡಾಕ ಅವ್ರು ತೋರಸೂ ಚುಕ್ಕಿ ಪುಸ್ತಕ ನನಗ ಬಾಯಿಪಾಠ ಮಾಡಸ್ರಿ. ಬಾಯಿಪಾಠಕ್ಕ ನಿಮ್ಮಂಥವ್ರ ಇನ್ನ ಯಾರದಾರ?’ ಎಂದ. ಚುಚ್ಚಬೇಕೆಂದು ಅಂದದ್ದಲ್ಲ, ಹೊಗಳಿಕೆಯೇ ಆಗಿತ್ತು.

ಪರೀಕ್ಷೆಯಲ್ಲಿ ಚೀಟಿ ಸಿಕ್ಕರೆ ಹುಡುಗರನ್ನು ಹೊರಗಟ್ಟುವವಳು ನಾನು. ಆದರೂ ಒಲ್ಲೆ ಎನ್ನಲಿಲ್ಲ. ದಿನಾ ಸಂಜೆ ಮೊಬೈಲಿನಲ್ಲಿ ಆ ಚಿತ್ರಗಳನ್ನು ತೆರೆದು ಕೂತೆವು. ಪ್ರತಿ ಚಿತ್ರವೂ ಬಣ್ಣದ ಚುಕ್ಕಿಗಳು ತುಂಬಿದ ಒಂದು ವೃತ್ತ, ಒಳಗೆ ಬೇರೆ ಬಣ್ಣದ ಚುಕ್ಕಿಗಳಲ್ಲಿ ಒಂದು ಅಂಕಿ. ಅವನು ಪುಟಗಳ ಸರದಿಯನ್ನು ವಹಿಯಲ್ಲಿ ಬರೆದುಕೊಳ್ಳುತ್ತಿದ್ದ: ಮೊದಲನೆಯದು ಹನ್ನೆರಡು, ಎರಡನೆಯದು ಎಂಟು. ಓಡುವಾಗ ಹೆಜ್ಜೆಗೊಂದು ಅಂಕಿಯಂತೆ ಉರು ಹೊಡೆಯುತ್ತಿದ್ದೇನೆ ಎಂದ. ನಾನೂ ಅಡುಗೆ ಮಾಡುವಾಗ ಅದನ್ನೇ ಗುನುಗುತ್ತಿದ್ದೆ. ದೇವರೇ, ಇದೊಂದು ಪಾಠ ತಪ್ಪದಿರಲಿ ಎಂದು ಬೇಡಿಕೊಂಡೆ. ಸುಳ್ಳು ಗೆಲ್ಲಲಿ ಎಂದು ದೇವರನ್ನು ಬೇಡಿದ್ದು ಅದೇ ಮೊದಲು.

ಐದನೆಯ ಸಂಜೆ ಅವನು ಬೆರಳಿಟ್ಟು ಕೇಳಿದ. ‘ಇಲ್ಲಿ ನಿಮಗ ಖರೇನ ಎಷ್ಟ ಕಾಣತೈತ್ರಿ?’

‘ಎಪ್ಪತ್ನಾಲ್ಕು.’

‘ನನಗ ಇಪ್ಪತ್ತೊಂದು ಕಾಣತೈತಿ. ಸ್ವಚ್ಛ ಕಾಣತೈತಿ. ನಂದ ಸುಳ್ಳೇನ್ರಿ ಹಂಗಾರ?’

‘ಎಪ್ಪತ್ನಾಲ್ಕು ಅನ್ನೋ, ಸುಮ್ಮ’ ಎಂದು ಗದರಿಸಿದೆ. ಗದರಿಸಿ ಒಳಗೆ ಹೋಗಿ ಅತ್ತೆ.

ಬೆಳಗಾವಿಯಿಂದ ಫೋನ್ ಬಂದಾಗ ನಾನು ಪಾಠ ಬಿಟ್ಟು ವರಾಂಡಕ್ಕೆ ಓಡಿದೆ. ಬಸ್ ಸ್ಟ್ಯಾಂಡಿನ ಗದ್ದಲದ ನಡುವೆ ಅವನ ದನಿ. ‘ಪುಸ್ತಕ ಹಿಂದಿನಿಂದ ತಗದ್ರರೀ ಮೇಡಂ.’ ಉರು ಹೊಡೆದ ಸರದಿ ಕೆಲಸಕ್ಕೆ ಬರಲಿಲ್ಲ.

ಹದಿನೈದು ದಿನ ನನಗೆ ಊಟ ರುಚಿಸಲಿಲ್ಲ. ಕೊನೆಗೆ ಹಳೆಯ ಉತ್ತರಪತ್ರಿಕೆಯ ಝೆರಾಕ್ಸ್ ಹುಡುಕಿ ತೆಗೆದುಕೊಂಡು ಬನಹಟ್ಟಿಗೆ ಹೋದೆ. ಅವನು ಈಗ ಒಂದು ಮಗ್ಗದ ಮನೆಯಲ್ಲಿ ಕೆಲಸಕ್ಕಿದ್ದ. ಕಂಡಿಕೆಯ ಪುಟ್ಟಿಗಳಿಗೆಲ್ಲ ದಾರ ಕಟ್ಟಿತ್ತು; ಒಂದು ಗಂಟಿದ್ದರೆ ಕೆಂಪು, ಎರಡಿದ್ದರೆ ಹಸಿರು. ತಾಯಿ ಗಂಟು ಹಾಕಿ ಕಳಿಸುತ್ತಿದ್ದಳಂತೆ. ಅವನು ಬೆರಳಿನಿಂದ ಮುಟ್ಟಿ ನೋಡಿ ಎತ್ತಿಕೊಳ್ಳುತ್ತಿದ್ದ.

ಮಗ್ಗ ನಿಲ್ಲಿಸಿ ಹೊರಗೆ ಬಂದ. ನಾನು ಹಾಳೆ ಕೊಟ್ಟು, ‘ನಂದ ತಪ್ಪಾತು. ನೀ ಖರೆ ಬರದಿದ್ದಿ, ನಾ ಬ್ಯಾರೆ ಏನೋ ಓದಿದೆ. ಅವತ್ತೇ ತಿಳೀಬೇಕಾಗಿತ್ತು ನನಗ’ ಎಂದೆ.

ನಿಂತಲ್ಲೇ ಪೂರ್ತಿ ಓದಿದ. ಮೂಲೆಯಲ್ಲಿ ನಾನು ಕೊಟ್ಟ ಅಂಕದ ಮೇಲೆ ಹೆಬ್ಬೆರಳು ಆಡಿಸಿದ. ಅವನಿಗೆ ಸಿಟ್ಟು ಬರಲಿ, ಬೈಯಲಿ ಎಂದು ಕಾದೆ. ಅವನು ಬೈಯಲಿಲ್ಲ.

‘ಹತ್ತಕ್ಕ ಹತ್ತ ಕೊಟ್ರಿ ನೀವು’ ಎಂದ. ‘ಸೊನ್ನಿ ಕೊಟ್ಟಿದ್ರ ನಿಮ್ಮ ಕೂಡ ಜಗಳಾ ತಗೀತಿದ್ನಿ. ಹುಲ್ಲಿನ್ಯಾಗ ಕೆಂಪು ಖರೇನ ಕಾಣೂದಿಲ್ಲರೀ ಅಂತ ಹೊರಗ ಕರಕೊಂಡ ಹೋಗಿ ತೋರಸ್ತಿದ್ನಿ. ಅವತ್ತ ಇಬ್ಬರಿಗೂ ತಿಳೀತಿತ್ತು. ಮುಂದಿನ ಎರಡು ವರ್ಷ ಓಡೂದು ತಪ್ಪತಿತ್ತರಿ.’

ಹಾಳೆಯನ್ನು ಮಡಚಿ ನನಗೇ ಕೊಟ್ಟು ಒಳಗೆ ಹೋದ. ಮಗ್ಗ ಶುರುವಾಯಿತು.