ಬಗಲಲ್ಲಿ ಎರಡು ಹೊಲಿಗೆ

ನನ್ನ ಅತ್ತಿಗೆ ಕೂತಲ್ಲಿ ಕೂರುವವಳಲ್ಲ. ಹೊಲಿಗೆ ಮಿಷನ್ನಿನ ಮುಂದೆ ಬಿಟ್ಟರೆ ಬೇರೆಲ್ಲೂ ಅವಳು ಹತ್ತು ನಿಮಿಷ ಒಂದೇ ಕಡೆ ಇದ್ದದ್ದನ್ನು ನಾನು ನೋಡಿಲ್ಲ. ಅಲ್ಲೂ ಕಾಲು ಆಡುತ್ತಲೇ ಇರುತ್ತದೆ. ವಯಸ್ಸಿನಲ್ಲಿ ನನಗಿಂತ ಆರು ತಿಂಗಳು ಚಿಕ್ಕವಳು, ಹಾಗಾಗಿ ಬಾಯಲ್ಲಿ ಅತ್ತಿಗೆ ಎಂದರೂ ಮಾತೆಲ್ಲ ಏಕವಚನದಲ್ಲೇ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವಳದೊಂದು ಹೊಲಿಗೆ ಅಂಗಡಿ. ಅವಳು ಕತ್ತರಿಸಿ ಹೊಲಿಯುತ್ತಾಳೆ, ನಾದಿನಿಯಾದ ನಾನು ಕಾಜ ಮಾಡಿ ಗುಂಡಿ ಹಚ್ಚುತ್ತೇನೆ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಎದೆ ನಲವತ್ತು, ಸೊಂಟ ಮೂವತ್ತಾರು ಎಂದು ಕಣ್ಣಲ್ಲೇ ಅಳೆದುಬಿಡುತ್ತಾಳೆ. ಟೇಪು ಹಿಡಿಯುವುದೇನಿದ್ದರೂ ಗಿರಾಕಿಯ ಸಮಾಧಾನಕ್ಕೆ.

ಅವಳ ಗಂಡ, ಅಂದರೆ ನನ್ನ ಅಣ್ಣ, ಬಸ್ ಕಂಡಕ್ಟರು. ಇಪ್ಪತ್ತಾರು ವರ್ಷ ಒಂದೇ ಮಾತು ಕೂಗಿದವನು: ಮುಂದೆ ಹೋಗಿ, ಮುಂದೆ. ಬೀದಿಯವರು ಅವನಿಗೆ ಇಟ್ಟ ಹೆಸರೇ ಮುಂದೆಹೋಗಿ. ಆಪರೇಷನ್ನಿಗೆ ಕರೆದುಕೊಂಡು ಹೋಗುವಾಗ ಲಿಫ್ಟಿನಲ್ಲಿ ಜನ ತುಂಬಿದ್ದರು. ಗಾಲಿಕುರ್ಚಿಯಲ್ಲಿ ಕೂತೇ ಅದನ್ನು ಕೂಗಿ ನರ್ಸನ್ನು ನಗಿಸಿದ್ದ.

ಬಲಗಡೆಯ ಶ್ವಾಸಕೋಶದ ಮೇಲ್ಭಾಗದಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು. ಆ ಭಾಗವನ್ನೇ ತೆಗೆದುಹಾಕಿದರು. ಎದೆಯಿಂದ ಹೊರಟ ಒಂದು ನಳಿಗೆ, ಮಂಚದ ಕೆಳಗೆ ಅದರ ಬಾಟಲಿ, ಕೈಯಲ್ಲಿ ಮೂರು ಚೆಂಡಿನ ಪ್ಲಾಸ್ಟಿಕ್ ಪೆಟ್ಟಿಗೆ. ಉಸಿರೆಳೆದರೆ ಚೆಂಡು ಮೇಲೇಳಬೇಕು. ಅಣ್ಣನ ಉಸಿರಿಗೆ ಒಂದೇ ಚೆಂಡು ಏಳುತ್ತಿತ್ತು, ಅದೂ ಒಲ್ಲದ ಮನಸ್ಸಿನಿಂದ. ಅತ್ತಿಗೆ ಪಕ್ಕದಲ್ಲಿ ನಿಂತು ಅವನ ಪಾಲಿನದನ್ನೂ ತಾನೇ ಎಳೆದುಕೊಡುವವಳ ಹಾಗೆ ಉಸಿರೆಳೆಯುತ್ತಿದ್ದಳು. ಕೆಮ್ಮುವಾಗ ಎದೆಗೆ ಅವಚಿಕೊಳ್ಳಲು ದಿಂಬು ಬೇಕೆಂದರು. ಆಸ್ಪತ್ರೆಯ ದಿಂಬು ಮೆತ್ತಗಾಯಿತೆಂದು ಅಂಗಡಿಯ ಚೂರುಬಟ್ಟೆ ತುಂಬಿ ಗಟ್ಟಿಯಾದದ್ದೊಂದನ್ನು ಹೊಲಿದು ತಂದಳು. ಮೂರನೆಯ ದಿನ ನಾನು ಹೋದಾಗ ವಾರ್ಡಿನ ಪರದೆಯ ಅಂಚು ಬಿಚ್ಚಿ, ಮತ್ತೆ ಮಡಿಚಿ ಹೊಲಿಯುತ್ತಿದ್ದಳು. ಮೊದಲಿನ ಹೊಲಿಗೆ ಸೊಟ್ಟಗಿತ್ತಂತೆ.

"ಸ್ವಲ್ಪ ಕೂತ್ಕೋ ಅತ್ತಿಗೆ" ಅಂದೆ.

"ಕೂತ್ರೆ ಯೋಚನೆ ಬರುತ್ತೆ" ಅಂದಳು.

ಮನೆಗೆ ಬಂದ ವಾರದಲ್ಲೇ ಎದೆಯೊಳಗೆ ನೀರು ತುಂಬಿ, ಮತ್ತೆ ಆಸ್ಪತ್ರೆಗೆ ಓಡಿ, ಸೂಜಿ ಹಾಕಿ ತೆಗೆಸಿಕೊಂಡು ಬಂದದ್ದಾಯಿತು. ಹೊರಡುವಾಗ ಡಾಕ್ಟರು ಅತ್ತಿಗೆಯನ್ನು ಒಳಗೆ ಕರೆದು ಹೇಳಿದರು: ಗಡ್ಡೆ ಪೂರ್ತಿ ಹೋಗಿದೆ, ಸದ್ಯಕ್ಕೆ ಬೇರೆ ಮದ್ದು ಬೇಡ, ಆಗಾಗ ಸ್ಕ್ಯಾನ್ ಮಾಡಿ ನೋಡೋಣ, ಈಗ ಅವರು ತಿನ್ನಬೇಕು, ನಡೆಯಬೇಕು. ಅತ್ತಿಗೆ ಹೊರಗೆ ಬಂದು ಅದನ್ನೇ ಅಣ್ಣನಿಗೆ ಹೇಳಿದಳು. ಅಣ್ಣ ತಲೆಯಾಡಿಸಿದ. ತಿನ್ನಲೂ ಇಲ್ಲ, ನಡೆಯಲೂ ಇಲ್ಲ.

ಎಲ್ಲ ಕೆಟ್ಟದ್ದು ಒಂದು ಅಂಗಿಯಿಂದ. ಒಂದು ಬೆಳಿಗ್ಗೆ ಹೊರಗೆ ಹೋಗೋಣವೆಂದು ಅಣ್ಣ ನೀಲಿ ಗೆರೆಯ ಅಂಗಿ ತೊಟ್ಟು ಕನ್ನಡಿ ಮುಂದೆ ನಿಂತ. ಕಾಲರಿನಲ್ಲಿ ಇನ್ನೊಂದು ಕುತ್ತಿಗೆಗೆ ಜಾಗವಿತ್ತು.

"ಹ್ಯಾಂಗರಿಗೆ ಹಾಕಿದ ಹಾಗಿದೆ" ಅಂದ. ಅಂಗಿ ಬಿಚ್ಚಿ ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಎರಡು ದಿನ ಹೊರಗೆ ಬರಲಿಲ್ಲ. ಒಳಗೆ ಹೋದ ಹಾಲಿನ ಲೋಟ ಕೆನೆಗಟ್ಟಿ ಹಾಗೇ ವಾಪಸು ಬರುತ್ತಿತ್ತು.

ಮೂರನೆಯ ದಿನ ಅತ್ತಿಗೆ ಆ ಅಂಗಿಯನ್ನು ಅಂಗಡಿಗೆ ತಂದಳು. ಎರಡೂ ಬಗಲಿನಿಂದ ಕೆಳ ಅಂಚಿನವರೆಗೆ ಒಳಗೆ ಹಿಡಿದು ಹೊಲಿದಳು. ಬಟ್ಟೆ ಕತ್ತರಿಸಲಿಲ್ಲ, ಒಳಗೇ ಮಡಿಚಿಟ್ಟಳು. ಕಾಲರಿನ ಗುಂಡಿಯನ್ನು ಅರ್ಧ ಇಂಚು ಈಚೆಗೆ ಹಚ್ಚು ಎಂದು ನನ್ನ ಕೈಗೆ ಕೊಟ್ಟಳು.

"ಅಣ್ಣಂಗೆ ಹೇಳಿ ಮಾಡು" ಅಂದೆ.

"ಹೇಳಿದ್ರೆ ಮಾಡಿ ಏನು ಬಂತು?"

ನಾನು ಬೇಡವೆನ್ನಬಹುದಿತ್ತು. ಅನ್ನಲಿಲ್ಲ. ಹಾಗಾಗಿ ಈ ಸುಳ್ಳಿನಲ್ಲಿ ಗುಂಡಿಯಷ್ಟಾದರೂ ನನ್ನ ಪಾಲಿದೆ.

ಮರುದಿನ ಅದೇ ಅಂಗಿ ಅಣ್ಣನ ಮೈಗೆ ಹೇಳಿ ಹೊಲಿಸಿದಂತೆ ಕೂತಿತು. "ಮೊನ್ನೆ ಜೋಲ್ತಾ ಇತ್ತಲ್ಲ?" ಎಂದು ಕೇಳಿದ.

"ಇಸ್ತ್ರಿ ಮಾಡದೆ ಹಾಕ್ಕೊಂಡ್ರೆ ಜೋಲದೆ ಇನ್ನೇನು? ನೀವು ಮೊದಲಿನ ಹಾಗೇ ಇದ್ದೀರಿ ರೀ."

ಆ ದಿನ ಅವನು ಮೊದಲ ದೀಪದ ಕಂಬದವರೆಗೆ ನಡೆದ. ಅತ್ತಿಗೆ ಉಳಿದ ಆರು ಅಂಗಿಗಳನ್ನೂ ಹಾಗೇ ಮಾಡಿದಳು, ಡ್ಯೂಟಿಯ ಎರಡು ಖಾಕಿ ಅಂಗಿಗಳನ್ನೂ ಬಿಡಲಿಲ್ಲ. ಎರಡು ವಾರ ಕಳೆದರೂ ಅವನ ಮೈ ಇಳಿಯುತ್ತಲೇ ಇತ್ತು, ಎಲ್ಲಕ್ಕೂ ಇನ್ನೊಂದು ಸಾಲು ಹೊಲಿಗೆ ಬಿತ್ತು. ಆಸ್ಪತ್ರೆಯಲ್ಲಿ ತೂಕ ಬರೆದ ಫೈಲು ಅವಳ ಚೀಲದಲ್ಲೇ ಇರುತ್ತಿತ್ತು. ತೂಕ ಎಷ್ಟೆಂದು ಅಣ್ಣ ಕೇಳಲಿಲ್ಲ. ಅವನು ನಂಬಿದ್ದು ಅಂಗಿಯನ್ನು.

ನಂಬಿ ನಡೆದ ಕೂಡ. ಎರಡನೆಯ ಕಂಬ, ಮೂರನೆಯದು, ಆಮೇಲೆ ಬಸ್ ಸ್ಟಾಪು. ಪೆಟ್ಟಿಗೆಯಲ್ಲಿ ಎರಡನೆಯ ಚೆಂಡೂ ಎದ್ದಿತು. ಅತ್ತಿಗೆ ಕೈತೊಳೆದುಕೊಂಡು ಅವನ ಊಟದ ಹಿಂದೆ ಬಿದ್ದಿದ್ದಳು: ಮೊಟ್ಟೆ, ಹಾಲು, ಬೇಯಿಸಿದ ಕಾಳು, ಮತ್ತೆ ಮೊಟ್ಟೆ. ನಾವೆಲ್ಲ ಇನ್ನು ಪರವಾಗಿಲ್ಲ ಎನ್ನುವಷ್ಟರಲ್ಲಿ, ಮೂರನೆಯ ತಿಂಗಳಲ್ಲಿ, ಅವನು ಹಿಂದಕ್ಕೆ ಬರತೊಡಗಿದ. ಸ್ಟಾಪಿನ ಬದಲು ಮೂರನೆಯ ಕಂಬ, ಆಮೇಲೆ ಎರಡನೆಯದು. ಮೇಲಿನ ಗುಂಡಿ ಬಿಚ್ಚಿಕೊಂಡು, ಅಂಗೈಯನ್ನು ಪಕ್ಕೆಗೆ ಒತ್ತಿ ಸಣ್ಣಸಣ್ಣ ಉಸಿರು ಎಳೆಯುತ್ತಿದ್ದ. ಏನೆಂದರೆ ಸೆಕೆ ಎನ್ನುತ್ತಿದ್ದ. ಸೆಕೆ ಇರಲಿಲ್ಲ. ಡಾಕ್ಟರ ಹತ್ತಿರ ಹೋಗೋಣವೆಂದರೆ, "ಸ್ಕ್ಯಾನ್ ತಾರೀಖು ಬರಲಿ" ಎಂದು ಮಾತು ಮುಗಿಸುತ್ತಿದ್ದ.

ಅತ್ತಿಗೆಗೆ ನಿಂತಲ್ಲಿ ನಿಲ್ಲಲಾಗದ ಸಂಕಟ. ಅಂಗಡಿಗೆ ಬಂದರೆ ಮನೆಗೆ ಓಡುತ್ತಿದ್ದಳು, ಮನೆಗೆ ಹೋದರೆ ಏನೋ ಮರೆತೆನೆಂದು ಅಂಗಡಿಗೆ ಬರುತ್ತಿದ್ದಳು. ಒಂದೇ ಅಂಗಿಗೆ ಎರಡೂ ಎಡಗೈ ತೋಳು ಹೊಲಿದುಬಿಟ್ಟಳು. ನಾನು ಎತ್ತಿ ತೋರಿಸಿದರೆ ನಗಲಿಲ್ಲ.

"ಮತ್ತೆ ಬಂತೇನೋ ಕಣೇ" ಅಂದಳು, ಅಷ್ಟೇ. ಮನೆಗೆ ಹೋಗಿ ಅವಳು ಮಾಡಿದ್ದೇನು? ಊಟಕ್ಕೆ ಇನ್ನೊಂದು ಮೊಟ್ಟೆ ಸೇರಿಸಿದಳು.

ಕೆಲಸಕ್ಕೆ ಮರಳುವ ಮೊದಲು ಬಸ್ ಕಂಪನಿಯ ಡಾಕ್ಟರು ಅಣ್ಣನನ್ನು ಪರೀಕ್ಷೆ ಮಾಡಬೇಕಿತ್ತು. ಆ ದಿನ ಬೆಳಿಗ್ಗೆ ಅವನ ಟಿಕೆಟ್ ಚೀಲದ ಕಿತ್ತುಹೋದ ಪಟ್ಟಿ ಹೊಲಿದುಕೊಂಡು ನಾನು ಅವರ ಮನೆಗೆ ಹೋದೆ. ಅಣ್ಣ ಖಾಕಿ ಅಂಗಿ ತೊಟ್ಟು ಮಂಚದ ಅಂಚಿನಲ್ಲಿ ಕೂತಿದ್ದ. ಅತ್ತಿಗೆ ಬಾಗಿಲು ಮತ್ತು ಕಿಟಕಿಯ ನಡುವೆ ಓಡಾಡುತ್ತಿದ್ದಳು.

"ನಾನು ಬರಲ್ಲ" ಅಂದ ಅಣ್ಣ. "ಎದೆ ಊದಿದೆ. ಒಳಗೆ ಮತ್ತೆ ನೀರು ತುಂಬಿದೆ. ಇಪ್ಪತ್ತು ದಿನದಿಂದ ಬಿಗೀತಾ ಇದೆ, ಅಂಗೀಲಿ ಉಸಿರಾಡೋಕೆ ಆಗ್ತಿಲ್ಲ. ಅದೇ ಅಂಗಿ ನೋಡು. ಅಂಗಿಯಂತೂ ಚಿಕ್ಕದಾಗಿಲ್ಲವಲ್ಲ."

ಅತ್ತಿಗೆ ನಿಂತುಬಿಟ್ಟಳು. ಗುಂಡಿಗಳ ನಡುವೆ ಬಟ್ಟೆ ಬಾಯಿಬಿಟ್ಟಿತ್ತು, ಬಗಲಲ್ಲಿ ಅಡ್ಡ ಸುಕ್ಕು ಎದ್ದಿತ್ತು. ಹೊಲಿಗೆ ಗೊತ್ತಿರುವ ಯಾರಿಗಾದರೂ ಅದು ಏನೆಂದು ಗೊತ್ತು. ಬೀದಿಯವರನ್ನೆಲ್ಲ ಕಣ್ಣಲ್ಲೇ ಅಳೆಯುವ ಹೆಂಗಸಿಗೆ ತನ್ನ ಗಂಡನ ಮೈ ತುಂಬಿಕೊಂಡದ್ದು ಕಂಡಿರಲಿಲ್ಲ. ಇಳಿಯುವುದನ್ನೇ ಕಾಯುತ್ತಿದ್ದ ಕಣ್ಣು ಅದು. ಕಾಜದ ಮೇಲೆ ಬಗ್ಗಿಯೇ ದಿನ ಕಳೆಯುವ ನನಗೂ ಕಂಡಿರಲಿಲ್ಲ.

ಅವಳು ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಅಣ್ಣನ ಎದೆಗೆ ಸುತ್ತಿದಳು. "ಮೂವತ್ತೊಂಬತ್ತೂವರೆ" ಅಂದಳು. "ಮೂವತ್ತೇಳಕ್ಕೆ ಇಳಿದಿತ್ತು ರೀ. ಊದಿಲ್ಲ ನೀವು, ಮೈ ಹಿಡಿದಿದ್ದೀರಿ."

"ಯಾವ ಮೂವತ್ತೇಳು? ನಾನು ಇಳಿದಿದ್ದು ಯಾವಾಗ?"

ಅಂಗಿ ಬಿಚ್ಚಿಸಿ, ಒಳಗು ಹೊರಗು ಮಾಡಿ ಅವನ ಮಡಿಲಲ್ಲಿ ಹರಡಿದಳು. ಬಗಲಿನಿಂದ ಕೆಳಗೆ ಜೋಡಿ ಹೊಲಿಗೆ, ಎರಡೂ ಕಡೆ. ಅಣ್ಣ ಬೆರಳಿಟ್ಟು ನೋಡಿದ. "ಗುಂಡಿ ನಾನು ಜರುಗಿಸಿದ್ದು" ಅಂದೆ ನಾನು. ಅವನು ನನ್ನತ್ತ ನೋಡಲೂ ಇಲ್ಲ.

"ಟಿಕೆಟ್ ಇಲ್ಲದವರನ್ನ ಮುಖ ನೋಡಿ ಹಿಡಿದವನು ನಾನು" ಅಂದ. "ಮನೇಲೇ ಟೋಪಿ ಹಾಕಿಸ್ಕೊಂಡೆ." ನಾವು ನಗಬೇಕೋ ಬೇಡವೋ ಎಂದು ನೋಡುತ್ತಿದ್ದೆವು. ಆಗ ಅವನು ಅತ್ತಿಗೆಯನ್ನು ಕೇಳಿದ: "ಗಡ್ಡೆ ಪೂರ್ತಿ ಹೋಗಿದೆ ಅಂತ ಡಾಕ್ಟರು ಅಂದದ್ದೂ ನಿನ್ನ ಬಾಯಿಂದಲೇ ಕೇಳಿದ್ದು ನಾನು. ಅದನ್ನೂ ಹೀಗೇ ಹೊಲಿದೆಯಾ?"

ಅಷ್ಟು ದಿನ ಒಂದು ಕ್ಷಣ ಕೂರದ ಅತ್ತಿಗೆ ನೆಲದ ಮೇಲೆ ಕುಸಿದು ಕೂತಳು. "ಇಲ್ಲ" ಅಂದಳು. "ಅಂಗಿ ಒಂದೇ. ನನ್ನಾಣೆ, ಅಂಗಿ ಒಂದೇ." ಚೀಲ ಎಳೆದು ಫೈಲು ತೆಗೆದು ಅವನ ಕೈಗಿತ್ತಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಆಪರೇಷನ್ನಿನ ದಿನವೂ ಅಳದವಳು.

ಅಣ್ಣ ಕನ್ನಡಕ ಹಾಕಿಕೊಂಡು ಹಾಳೆ ತಿರುವಿದ. ಟಿಕೆಟ್ ಲೆಕ್ಕ ನೋಡುವವನ ಹಾಗೆ ಪ್ರತಿ ಸಾಲಿಗೂ ಬೆರಳಿಟ್ಟ. ತೂಕ ಅರವತ್ತೆಂಟು, ಅರವತ್ತಮೂರು, ಐವತ್ತೊಂಬತ್ತು. ಕೊನೆಯದರ ಮೇಲೆ ಬೆರಳು ಬಹಳ ಹೊತ್ತು ನಿಂತಿತು. ಆಮೇಲೆ ಕತ್ತರಿಸಿದ ಅಂಚಿನಲ್ಲಿ ಗಡ್ಡೆಯದು ಏನೂ ಉಳಿದಿಲ್ಲವೆಂದು ಬರೆದ ಸಾಲು ಸಿಕ್ಕಿತು. ಅದನ್ನು ಎರಡು ಸಲ ಓದಿದ. ಫೈಲು ಮುಚ್ಚಿ, ಅಂಗಿಯನ್ನು ಅವಳ ಮುಂದೆ ಚಾಚಿದ.

"ಬಿಚ್ಚು."

ಅತ್ತಿಗೆ ಕಣ್ಣೊರೆಸಿಕೊಂಡು ಸಣ್ಣ ಕತ್ತರಿ ತೆಗೆದಳು. ಎರಡನೆಯ ಸಲ ಹಾಕಿದ ಒಳಗಿನ ಸಾಲು ಬಿಚ್ಚಿ ದಾರ ಎಳೆದು ಹಾಕಿದಳು. "ಇದು ಸಾಕು. ಈಗ ಸರಿಯಾಗಿ ಕೂರುತ್ತೆ."

"ಇನ್ನೊಂದನ್ನೂ ಬಿಚ್ಚು."

"ಜೋಲುತ್ತೆ ರೀ. ಆಫೀಸಿನವರು ನೋಡ್ತಾರೆ."

"ಜೋಲಲಿ. ಎಷ್ಟು ಬಾಕಿ ಇದೆ ಅಂತ ನನಗೂ ಗೊತ್ತಾಗ್ಲಿ."

ಅವಳು ಬಿಚ್ಚಿದಳು. ಗುಂಡಿಯನ್ನು ನಾನೇ ಮೊದಲಿನ ಜಾಗಕ್ಕೆ ಹಚ್ಚಿದೆ. ಸೂಜಿ ಚುಚ್ಚಿದ ಗುರುತು ಬಟ್ಟೆಯ ಮೇಲೆ ಎರಡು ಸಾಲಾಗಿ ಉಳಿದಿತ್ತು. ಇಸ್ತ್ರಿ ಮಾಡಿ ಅಳಿಸುತ್ತೇನೆಂದು ಅತ್ತಿಗೆ ಎದ್ದರೆ, ಹೊತ್ತಾಯಿತು ಎಂದು ಅಣ್ಣ ತೊಟ್ಟೇಬಿಟ್ಟ. ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತ. ಉಸಿರನ್ನು ಒಳಗೆಳೆದ, ಇನ್ನಷ್ಟು ಎಳೆದ. ಬಟ್ಟೆ ತಡೆಯಲಿಲ್ಲ.

ಪರೀಕ್ಷೆ ಹೇಗಾಗುತ್ತದೋ, ಮುಂದಿನ ವಾರದ ಸ್ಕ್ಯಾನಿನಲ್ಲಿ ಏನಿದೆಯೋ, ನಮಗೆ ಯಾರಿಗೂ ಗೊತ್ತಿರಲಿಲ್ಲ. ಬೀದಿಯಲ್ಲಿ ಅಣ್ಣ ಮುಂದೆ, ಅತ್ತಿಗೆ ಹಿಂದೆ, ಬಾಗಿಲಲ್ಲಿ ನಾನು. ಎರಡನೆಯ ಕಂಬದ ಹತ್ತಿರ ಅವನು ನಿಂತ. ಮತ್ತೆ ಉಸಿರು ಸಾಲಲಿಲ್ಲವೇನೋ ಎಂದು ನಾನು ಮೆಟ್ಟಿಲು ಇಳಿದೆ. ಅವನು ನಿಂತದ್ದು ಅವಳಿಗಾಗಿ. ಅವಳು ಹತ್ತಿರ ಬಂದಾಗ, "ಮುಂದೆ ಹೋಗಿ, ಮುಂದೆ" ಎಂದ. ಧ್ವನಿ ದೊಡ್ಡದಿರಲಿಲ್ಲ, ಆದರೂ ನನ್ನವರೆಗೆ ಬಂತು. ಅವಳು ಮುಂದೆ ಹೋಗಲಿಲ್ಲ. ಅವನ ಬೆನ್ನ ಮೇಲೆ ಖಾಕಿ ಬಟ್ಟೆ ಸಡಿಲವಾಗಿ ಅಲುಗುತ್ತಿತ್ತು. ಅತ್ತಿಗೆಯ ಕೈ ತಾನಾಗಿ ಎದ್ದು, ಆ ಸಡಿಲವನ್ನು ಎರಡು ಬೆರಳಲ್ಲಿ ಹಿಡಿದು ನೋಡಲು ಹೋಯಿತು. ಮುಟ್ಟುವ ಮೊದಲು ಹಿಂದಕ್ಕೆ ತೆಗೆದುಕೊಂಡಳು.