ಗಡಿಗೆಯವನ ಮುಖ

ಇನ್ನೂರೈವತ್ತು ವರ್ಷಗಳ ಹಿಂದಿನ ಮಾತು. ಅರಮನೆಯ ಚಿತ್ರಶಾಲೆಯಲ್ಲಿ ಬಣ್ಣ ಅರೆಯುವವಳನ್ನು ಎಲ್ಲರೂ ಬಣ್ಣದಕ್ಕ ಎನ್ನುತ್ತಿದ್ದರು. ಅರೆದೂ ಅರೆದೂ ಅಂಗೈಯ ಗೆರೆಗಳೇ ಸವೆದಿದ್ದವು. ಕೈ ನೋಡಿ ಭವಿಷ್ಯ ಹೇಳುವವನಿಗೆ ನನ್ನಿಂದ ಉಪವಾಸವೇ ಗತಿ ಎಂದು ತಾನೇ ನಗುತ್ತಿದ್ದಳು.

ಗಂಡ ನೀರುಹಕ್ಕಿ ಹಿಡಿಯುವವನು. ಕಣ್ಣಿನ ನೇರಕ್ಕೆ ತೂತು ಕೊರೆದ ಗಡಿಗೆಯನ್ನು ತಲೆಗೆ ಬೋರಲು ಹಾಕಿಕೊಂಡು ಕೆರೆಗೆ ಕುತ್ತಿಗೆಮಟ್ಟ ಇಳಿಯುತ್ತಿದ್ದ. ಖಾಲಿ ಗಡಿಗೆಯೆಂದು ನಂಬಿ ಹತ್ತಿರ ಬಂದ ಬಾತುಗಳ ಕಾಲನ್ನು ನೀರೊಳಗಿಂದಲೇ ಹಿಡಿದೆಳೆಯುವುದು. "ಗಡಿಗೆಯೊಳಗೆ ಒಂದು ಸುಖ ಇದೆ ನೋಡು, ನಿನ್ನ ಬೈಗುಳ ಕೇಳಿಸಲ್ಲ," ಎಂದು ಹೆಂಡತಿಯನ್ನು ರೇಗಿಸುತ್ತಿದ್ದ.

ದೊರೆಯ ಬೇಟೆಯ ದಿನ ಅವನಿಗೂ ಕರೆ ಬಂತು; ಎಂದಿನಂತೆ ಗಡಿಗೆ ಹಾಕಿಕೊಂಡು ಕೆರೆಗಿಳಿದ. ಒಂದು ಬಾತು ಅವನ ಗಡಿಗೆಯ ಮೇಲೆಯೇ ಬಂದು ಕೂತಿತು. ದೋಣಿಯಲ್ಲಿದ್ದ ದೊರೆ ಗುಂಡು ಹಾರಿಸಿದ; ಅದು ಗಡಿಗೆಯೊಳಗಿನ ತಲೆಗೇ ಬಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬೇಟೆಯ ಗಮ್ಮತ್ತು ಕೆಡಬಾರದೆಂದು ಕಾವಲುಗಾರರು ಅವನ ಹೆಣವನ್ನು ದಡದಲ್ಲೇ ಹೂತರು. ಕಟ್ಟಿಕೊಂಡವಳಿಗೆ ಕೊನೆಯ ಸಲ ಮುಖ ತೋರಿಸುವಷ್ಟೂ ಕರುಳಿರಲಿಲ್ಲ ಆ ಪಾಪಿಗಳಿಗೆ.

ಆ ಬೇಟೆಯ ಚಿತ್ರ ಬರೆಯುವ ಕೆಲಸ ಮುದುಕ ಚಿತ್ರಗಾರನಿಗೆ ಬಿತ್ತು.

"ಅಣ್ಣಾ, ಎಲ್ಲಾದ್ರೂ ಮೂಲೆಯಲ್ಲಿ ನಮ್ಮವರ ಮುಖ ಬರೀರಿ," ಎಂದಳು ಬಣ್ಣದಕ್ಕ. "ಮಗಳಿಗಿನ್ನೂ ಮೂರು ವರ್ಷ. ಈಗಲೇ ಅಪ್ಪನ್ನ ಮರೀತಾ ಇದಾಳೆ. ಒಂದ್ಸಲ ತೋರಿಸ್ಬೇಕು."

ಮುದುಕನಿಗೆ ಜೀವಭಯ. ಆದರೂ ಬರೆದ. ಜೊಂಡಿನ ನಡುವೆ ಗಡಿಗೆ ಎತ್ತಿ ಉಸಿರೆಳೆದುಕೊಳ್ಳುತ್ತಿರುವ ಮನುಷ್ಯ. ಅದೇ ಮುರಿದ ಹಲ್ಲು, ಅದೇ ತುಂಟ ಕಣ್ಣು. ಅವಳು ಅತ್ತಳು. ಮರುದಿನ ಮಧ್ಯಾಹ್ನ ಮಗುವನ್ನು ಕರೆತರಲು ಪಕ್ಕದ ಮನೆಯಾಕೆಗೆ ಹೇಳಿದಳು.

ಮರುದಿನ ಮಗುವಿಗಿಂತ ಮೊದಲೇ ಅರಮನೆಯ ಅಧಿಕಾರಿ ಬಂದು ವಕ್ಕರಿಸಿದ. "ದೊರೆಗಳ ಬೇಟೆಯಲ್ಲಿ ಇವನ ಮೂತಿ ಯಾಕೆ? ನಾನು ಹೋಗೋದ್ರೊಳಗೆ ಈ ಮುಖ ಅಳಿಸಿ ಇಲ್ಲಿ ಬರೀ ಕೆರೆನೀರು ಬರೆದಿರ್ಬೇಕು."

ಮುದುಕ ಅವಳ ಕಡೆ ನೋಡದೆ, "ಕೆರೆನೀರಿನ ಹಸಿರು ಅರೆದು ಕೊಡಮ್ಮ," ಎಂದ.

ಅವಳು ಅರೆದಳು. ಬಾಗಿಲು ನೋಡುತ್ತ ಅರೆದೇ ಅರೆದಳು.

"ಎಷ್ಟು ಹೊತ್ತು?" ಎಂದು ಅಧಿಕಾರಿ ಗದರಿದ.

"ತರಿ ಉಳಿದ್ರೆ ಬಣ್ಣ ಎದ್ದು ಬರುತ್ತೆ ಸ್ವಾಮಿ."

ಅಧಿಕಾರಿ ಅರೆದಷ್ಟು ಬಣ್ಣವನ್ನು ತಾನೇ ಬಟ್ಟಲಿಗೆ ಬಳಿದು ಮುದುಕನ ಮುಂದಿಟ್ಟ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಮಗುವಿನೊಂದಿಗೆ ಒಳಬಂದಳು. ಬಣ್ಣದಕ್ಕ ಓಡಿಹೋಗಿ ಮಗುವನ್ನು ಕಸಿದುಕೊಂಡು ಚಿತ್ರದ ಮುಂದೆ ಎತ್ತಿ ಹಿಡಿದಳು.

"ನೋಡು ಕಂದ, ಅಪ್ಪ."

"ಬಾತು," ಎಂದಿತು ಮಗು. ದೊರೆಯ ದೋಣಿಯ ಮೇಲೆ ಹಾರುವ ಹಕ್ಕಿಗಳನ್ನು ನೋಡಿ ಚಪ್ಪಾಳೆ ತಟ್ಟಿತು.

"ಅಲ್ಲ ಕಂದ, ಈ ಕಡೆ," ಎಂದು ಅವಳು ಗಲ್ಲ ಹಿಡಿದು ತಿರುಗಿಸುವಷ್ಟರಲ್ಲಿ ಮುದುಕನ ಕುಂಚ ಹಸಿರು ಬಳಿಯುತ್ತ ಅಪ್ಪನ ಕಣ್ಣುಗಳನ್ನು ದಾಟಿತ್ತು.