ಹನ್ನೆರಡನೇ ಪಾಲು

ತಂಡೇಲರ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಹರೆಯದಲ್ಲಿ ತೊರಕೆ ಮೀನಿನ ಮುಳ್ಳು ಚುಚ್ಚಿ ಸೆಟೆದದ್ದು ಹಾಗೆಯೇ ಉಳಿದುಬಿಟ್ಟಿತ್ತು. ಅನ್ನ ಕಲಸುವಾಗ, ಬೀಡಿ ಹಚ್ಚುವಾಗ, ದೇವರಿಗೆ ಕೈಮುಗಿಯುವಾಗಲೂ ಆ ಬೆರಳು ಯಾರನ್ನೋ ತೋರಿಸುತ್ತಿರುತ್ತಿತ್ತು. ಗುರುತಿಲ್ಲದವರು ಅವರೆದುರು ನಿಂತರೆ, ತಾನೇನು ತಪ್ಪು ಮಾಡಿದೆನಪ್ಪ ಎಂದು ಗಾಬರಿಯಾಗುತ್ತಿದ್ದರು.

ಎರ್ಮಾಳಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಕೈರಂಪಣಿಯ ಮುಂದಾಳು ಆದ್ದರಿಂದ ಊರಿಗೆಲ್ಲ ತಂಡೇಲರು. ಕೈರಂಪಣಿ ಎಂದರೆ ದೋಣಿಯಲ್ಲಿ ಹೋಗಿ ಕಡಲಿಗೆ ಉದ್ದದ ಬಲೆ ಬಿಟ್ಟು ಬಂದು, ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತು ಎಳೆಯುವುದು. ಎಳೆಯಲು ಜನ ಬೇಕು, ಎಷ್ಟಿದ್ದರೂ ಸಾಲದು. ಅಲ್ಲಿ ತಂಡೇಲರದು ಒಂದೇ ಕಾನೂನು: ಹಗ್ಗಕ್ಕೆ ಕೈ ಹಾಕಿದವನಿಗೆ ಪಾಲು ಉಂಟು. ಊರಿನವನೋ ಹೊರಗಿನವನೋ, ಯಾವ ಜಾತಿಯೋ, ಬಲೆ ಅರ್ಧ ಬಂದ ಮೇಲೆ ಸೇರಿಕೊಂಡನೋ, ಅದೆಲ್ಲ ಅವರ ಲೆಕ್ಕಕ್ಕೆ ಇಲ್ಲ. ಒಮ್ಮೆ ಮಣಿಪಾಲದಿಂದ ಗಾಳಿ ಸೇವನೆಗೆ ಬಂದಿದ್ದ ಪ್ರೊಫೆಸರರೊಬ್ಬರು ತಮಾಷೆಗೆಂದು ಹಗ್ಗ ಹಿಡಿದರು. ಕೊನೆಗೆ ತಂಡೇಲರು ಎಂಟು ಬೂತಾಯಿ ಮೀನನ್ನು ಅವರ ಕೈಗೆ ಹಾಕಿದರು. ಶುದ್ಧ ಸಸ್ಯಾಹಾರಿ ಮನುಷ್ಯ, ಕರವಸ್ತ್ರದಲ್ಲಿ ಮೀನು ಹಿಡಿದುಕೊಂಡು ಬಸ್ ಸ್ಟ್ಯಾಂಡಿನವರೆಗೂ ಹೋದರು. ಬೇಡ ಎನ್ನುವ ಧೈರ್ಯ ಅವರಿಗೆ ಬರಲಿಲ್ಲ. ಆ ಬೆರಳಿನ ಮುಂದೆ ಯಾರಿಗೆ ಬರುತ್ತದೆ?

ಇಂಥ ತಂಡೇಲರಿಗೆ ಒಂದು ಹುಚ್ಚು ಹಿಡಿದಿತ್ತು. ಹದಿನಾರು ಜನರನ್ನು ಕಾಡಿನಲ್ಲಿ ಬಿಟ್ಟು, ಎರಡು ತಂಡ ಮಾಡಿ, ಮೂರು ದಿನಕ್ಕೊಬ್ಬರನ್ನು ಹೊರಗೆ ಹಾಕುತ್ತ ಹೋಗುವ ಟಿವಿ ಸ್ಪರ್ಧೆ. ಅವರ ಮನೆಯಲ್ಲಿ ಸೊಸೆಗೆ ಆ ಹೊತ್ತಿಗೆ ಧಾರಾವಾಹಿ ಬೇಕಾದ್ದರಿಂದ ಸಂಜೆ ಏಳಕ್ಕೆ ಸರಿಯಾಗಿ ನಮ್ಮಲ್ಲಿಗೆ ಹಾಜರು. ಮನೆಮಾತು ತುಳು, ಆದರೆ ಟಿವಿ ಮುಂದೆ ಕೂತ ಕೂಡಲೇ ತಂಡೇಲರು ಕನ್ನಡಕ್ಕೆ ಹೊರಳುತ್ತಿದ್ದರು. ಟಿವಿಯ ಒಳಗಿದ್ದವರಿಗೆ ತುಳು ಬರದಿದ್ದರೆ ಕಷ್ಟ ಎಂಬ ಕಾಳಜಿ! "ಒದ್ದೆ ಕಟ್ಟಿಗೆ ತಂದು ಎಂತ ಊದುದು ಮಾರಾಯ? ಹಿಂದೆ ನೋಡು, ನಿನ್ನ ಹಿಂದೆಯೇ ಒಣಗಿದ ತೆಂಗಿನ ಗರಿ ಉಂಟು!" ಅವನು ಹಿಂದೆ ನೋಡುತ್ತಿರಲಿಲ್ಲ. ತಂಡೇಲರು ತಲೆ ಚಚ್ಚಿಕೊಳ್ಳುತ್ತಿದ್ದರು. ಅಮ್ಮ ನಗು ತಡೆಯಲಾರದೆ ಅಡುಗೆಮನೆಗೆ ಓಡುತ್ತಿದ್ದಳು.

ಸ್ಪರ್ಧೆಗೆ ಅರ್ಜಿ ಹಾಕು ಎಂದು ನನ್ನನ್ನು ಪೀಡಿಸಿದವರೂ ಅವರೇ. ನಾನು ಕಾಪುವಿನ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಮಕ್ಕಳಿಗೆ ಸೀಟಿ ಊದಿ ಓಡಿಸುವುದು ಬೇರೆ, ಕಾಡಿನಲ್ಲಿ ಉಪವಾಸ ಬೀಳುವುದು ಬೇರೆ ಎಂದರೆ ಕೇಳಬೇಕಲ್ಲ. "ನಿನಗೆ ಈಜ್ಲಿಕ್ಕೆ ಬರ್ತದೆ, ಬೈಲಿಕ್ಕೂ ಬರ್ತದೆ. ಇನ್ನು ಎಂತ ಬೇಕು?" ಉಡುಪಿಯಲ್ಲಿ ಆಯ್ಕೆ ನಡೆದಾಗ ಬಿಳಿ ಶರ್ಟು ಹಾಕಿಕೊಂಡು ಜೊತೆಗೇ ಬಂದರು. ಆಯ್ಕೆಯಾದವರ ಪಟ್ಟಿಯಲ್ಲಿ ನನ್ನ ಹೆಸರು ಬಂತು! ಆ ದಿನ ನಾನು ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದೆ. ಸೀಟಿತ್ತು, ಕೂರಲು ಆಗಲಿಲ್ಲ ಅಷ್ಟೆ.

ಆಮೇಲಿನ ಎರಡು ತಿಂಗಳು ತಂಡೇಲರು ನನ್ನನ್ನು ಅರೆದು ಹಾಕಿದರು. ಕಾಪುವಿನ ದೀಪಸ್ತಂಭದ ಕೆಳಗಿನ ಬಂಡೆಗಳಲ್ಲಿ ನೀರು ಇಳಿದ ಹೊತ್ತಿಗೆ ತಿನ್ನುವ ಪಚ್ಚಿಲೆ ಚಿಪ್ಪು ಕೀಳಿಸಿದರು. ಅಲೆ ಬಂದಾಗ ಬೆನ್ನು ಕೊಡಬಾರದು ಎಂದು ಬೈದು ಕಲಿಸಿದರು. ಮರಳು ಬಗೆದು ಸಿಹಿನೀರು ಹುಡುಕಿಸಿದರು. ಭಾನುವಾರ ಕಾರ್ಕಳದ ಬಂಡೆಬೆಟ್ಟವನ್ನು ಬರಿಗಾಲಲ್ಲಿ ಹತ್ತಿಸಿ, ತಾವು ಕೆಳಗೆ ಅಂಗಡಿಯಲ್ಲಿ ಗೋಳಿಬಜೆ ತಿನ್ನುತ್ತ ಕೂತಿದ್ದರು. ನನಗೊಂದು ಕೊಡಿ ಎಂದರೆ "ಕಾಡಲ್ಲಿ ಗೋಳಿಬಜೆ ಉಂಟಾ?" ಎಂದು ತಟ್ಟೆ ಆಚೆ ಸರಿಸಿದರು. ಎಷ್ಟು ಸಿಟ್ಟು ಬಂದಿತ್ತು ನನಗೆ!

ಹೊರಡುವ ದಿನ ಹೇಳಿದ್ದು ಇಷ್ಟೆ: "ಗೆದ್ದು ಬಾ. ಎರ್ಮಾಳಿನವರಿಗೆ ಬದುಕ್ಲಿಕ್ಕೆ ಗೊತ್ತುಂಟು ಅಂತ ಅವರಿಗೆ ತೋರಿಸು."

ಕಾಡಿನಲ್ಲಿ ನಾನು ಚೆನ್ನಾಗಿಯೇ ಇದ್ದೆ. ಜಂಬ ಎಂದುಕೊಂಡರೂ ಪರವಾಗಿಲ್ಲ, ಎರಡೂ ತಂಡಗಳಲ್ಲಿ ಮೊದಲು ಬೆಂಕಿ ಹೊತ್ತಿಸಿದವಳು ನಾನು. ಹದಿನೆಂಟನೇ ದಿನ ಹೊಳೆಯಲ್ಲಿ ಬಲೆ ಹಾಕುವ ಪರೀಕ್ಷೆ ಬಂತು. ಕೇಳಿದ ಕೂಡಲೇ ನನಗೆ ಕುಣಿಯುವಷ್ಟು ಖುಷಿ. ಯಾವ ತಂಡದ ಬುಟ್ಟಿಯಲ್ಲಿ ಮೀನು ಹೆಚ್ಚು ತೂಗುತ್ತದೋ ಅವರಿಗೆ ಊಟ. ಸೋತ ತಂಡ ತನ್ನಲ್ಲೇ ಒಬ್ಬರನ್ನು ಆರಿಸಿ ಮನೆಗೆ ಕಳಿಸಬೇಕು. ನಾವು ಐವರು, ಅವರು ಆರು ಜನ ಉಳಿದಿದ್ದೆವು.

ಅವರ ಬಲೆ ಬಂಡೆಗೆ ಸಿಕ್ಕಿ ಮೊದಲೇ ಹರಿಯಿತು. ನಮ್ಮದಕ್ಕೆ ಮೀನು ತುಂಬಿತ್ತು, ಹಗ್ಗ ಕೈಯಲ್ಲಿ ನಡುಗುವುದು ಗೊತ್ತಾಗುತ್ತಿತ್ತು. ಅಷ್ಟರಲ್ಲಿ ತೇಲಿಬಂದ ಒಂದು ಮರದ ದಿಮ್ಮಿ ಬಲೆಗೆ ಸಿಕ್ಕಿಕೊಂಡಿತು. ಹೊಳೆ ಬಲೆಯನ್ನು ಎಳೆಯತೊಡಗಿತು, ಬಲೆ ನಮ್ಮನ್ನು. ಮೊಣಕಾಲು, ಸೊಂಟ, ಎದೆಯವರೆಗೆ ನೀರು. ಇನ್ನೆರಡು ಹೆಜ್ಜೆ ಹೋದರೆ ಕೈ ಬಿಡಲೇಬೇಕು. ದಡದಲ್ಲಿ ಆ ಆರು ಜನ ಸುಮ್ಮನೆ ನಿಂತಿದ್ದರು. ನಾನು ಗಂಟಲು ಹರಿಯುವ ಹಾಗೆ ಕೂಗಿದೆ: "ನೋಡ್ತಾ ಎಂತ ನಿಂತದ್ದು? ಹಗ್ಗಕ್ಕೆ ಕೈ ಹಾಕಿ! ಪಾಲು ಉಂಟು!"

ಓಡಿ ಬಂದರು. ಅಬ್ಬ, ಆ ಎಳೆತ! ತಂಡ ಗಿಂಡ ಎಲ್ಲ ಮರೆತು ಹನ್ನೊಂದು ಜನ ಒಂದೇ ಉಸಿರಿನಲ್ಲಿ ಕೂಗುತ್ತ ಎಳೆದೆವು. ಬಲೆ ದಡಕ್ಕೆ ಬಂದು ಬಿದ್ದಾಗ ಬೆಳ್ಳಿ ಬೆಳ್ಳಿಯಾಗಿ ಮೀನು ಚಿಮ್ಮುತ್ತಿತ್ತು. ಯಾರು ಯಾರನ್ನು ಅಪ್ಪಿಕೊಂಡರೋ ದೇವರಿಗೇ ಗೊತ್ತು. ನಾನು ಮಾತ್ರ ಕುಕ್ಕರುಗಾಲಲ್ಲಿ ಕೂತು, ಹುಟ್ಟಿದಂದಿನಿಂದ ನೋಡಿದ್ದನ್ನು ಮಾಡಿದೆ. ಮೀನನ್ನು ಹನ್ನೊಂದು ಗುಪ್ಪೆ ಮಾಡಿ, ಐದನ್ನು ನಮ್ಮ ಬುಟ್ಟಿಗೆ, ಆರನ್ನು ಅವರ ಬುಟ್ಟಿಗೆ ಹಾಕಿದೆ. ತಕ್ಕಡಿ ಎದುರಿಗೆ ಬಂದಾಗಲೇ ನನ್ನ ತಲೆಗೆ ಹೊಳೆದದ್ದು, ನಾನು ಮಾಡಿದ ಕೆಲಸ ಎಂಥದ್ದು ಎಂದು. ಒಂದು ಗುಪ್ಪೆಯಷ್ಟು ಅವರದೇ ಹೆಚ್ಚು. "ನೀವು ಯಾವ ತಂಡದವರು ಮೇಡಂ?" ಎಂದು ನಮ್ಮ ನಾಯಕ ಕೇಳಿದ. ನಾಲ್ಕು ವೋಟುಗಳೂ ನನ್ನ ಹೆಸರಿಗೇ ಬಿದ್ದವು.

ಚಿತ್ರೀಕರಣ ಮುಗಿಯುವವರೆಗೆ ಸೋತವರನ್ನೂ ಒಂದು ಹೋಟೆಲಿನಲ್ಲಿ ಇರಿಸಿಕೊಂಡಿದ್ದರು. ಫಲಿತಾಂಶ ಯಾರಿಗೂ ಹೇಳುವುದಿಲ್ಲ ಎಂದು ಸಹಿಯನ್ನೂ ಹಾಕಿಸಿಕೊಂಡರು. ನಾನು ಊರಿಗೆ ಮರಳಿದ ಮೇಲೆ ಸ್ಪರ್ಧೆ ಟಿವಿಯಲ್ಲಿ ಶುರುವಾಯಿತು. ಪ್ರತಿ ಸಂಜೆ ತಂಡೇಲರು ನನ್ನ ಪಕ್ಕದಲ್ಲೇ ಕೂತು, "ಹೇಳ್ಬೇಡ, ಏನೂ ಹೇಳ್ಬೇಡ ಮಾರಾಯ್ತಿ" ಎಂದು ತಾವೇ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಬೆಂಕಿ ಹೊತ್ತಿದ ದಿನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ದಿನ ಹೋದಂತೆ ನನಗೆ ಅನ್ನ ಇಳಿಯದಾಯಿತು. ಹೊರಬಿದ್ದದ್ದರ ಬೇಸರ ಯಾವಾಗಲೋ ಮುಗಿದಿತ್ತು. ಗೆದ್ದು ಬಾ ಎಂದು ಕಳಿಸಿದ ಈ ಮನುಷ್ಯನಿಗೆ ಮುಖ ಹೇಗೆ ತೋರಿಸಲಿ ಎಂಬುದೊಂದೇ ಚಿಂತೆ.

ಹದಿನೆಂಟನೇ ದಿನದ ಕಂತಿಗೆ ಅವರು ಬಲೆ ಇಡುವ ಶೆಡ್ಡಿನಲ್ಲಿ ದೊಡ್ಡ ಪರದೆ ಕಟ್ಟಿಸಿಬಿಟ್ಟಿದ್ದರು. ಹೊಳೆ, ಬಲೆ ಎಂದು ಟಿವಿಯಲ್ಲಿ ಹಿಂದಿನ ದಿನವೇ ತೋರಿಸಿದ್ದರಲ್ಲ, ಇದು ನಮ್ಮದೇ ಪರೀಕ್ಷೆ ಎಂದು ಕೇರಿಯನ್ನೆಲ್ಲ ಕರೆದಿದ್ದರು. ನಾನು ಹಗ್ಗಕ್ಕೆ ಕೈ ಹಾಕಿ ಎಂದು ಕೂಗಿದಾಗ ಶೆಡ್ಡೇ ಹಾರಿಹೋಗುವ ಹಾಗೆ ಜನ ಕಿರುಚಿದರು. ತಕ್ಕಡಿ ಬಂತು, ಎಲ್ಲ ತಣ್ಣಗಾಯಿತು. "ಎಂತ ಮಾಡಿದ್ದು ಇವಳು!" ಎಂದು ಯಾರೋ ಹಿಂದಿನಿಂದ ಹೇಳಿದರು. ಅಮ್ಮ ಹಣೆ ಹಣೆ ಬಡಿದುಕೊಂಡಳು. ನಾನು ನೆಲ ನೋಡುತ್ತ ಕೂತಿದ್ದೆ.

ತಂಡೇಲರು ನನ್ನ ಕಡೆ ತಿರುಗಿದರು. ಮುಖದಲ್ಲಿ ನಿಜವಾಗಿಯೂ ಸಿಟ್ಟಿತ್ತು.

"ಹನ್ನೊಂದು ಯಾಕೆ? ಹನ್ನೆರಡು ಪಾಲು ಆಗ್ಬೇಕಿತ್ತಲ್ವಾ?"

"ನಾವು ಇದ್ದದ್ದೇ ಹನ್ನೊಂದು ಜನ, ತಂಡೇಲರೇ."

"ಆ ಕಪ್ಪು ಬನಿಯನ್ನಿನ ಹುಡುಗ? ಕೊರಳಲ್ಲಿ ಕಾರ್ಡು ಇದ್ದವ? ಕ್ಯಾಮೆರಾ ಕೆಳಗಿಟ್ಟು ಕೊನೆಯಲ್ಲಿ ಹಗ್ಗ ಹಿಡಿದಿದ್ದಾನೆ. ಅವನನ್ನು ಬರಿಗೈಯಲ್ಲಿ ಕಳಿಸಿದ್ದೀ. ನಾನು ಕಲಿಸಿದ್ದು ಇದನ್ನಾ?"

ಮೊಬೈಲಿನಲ್ಲಿ ಅದೇ ಕಂತನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಹೌದು, ಪರದೆಯ ಅಂಚಿನಲ್ಲಿ ಒಂದೇ ಕ್ಷಣ, ಕಪ್ಪು ಬನಿಯನ್ನು, ಕಾರ್ಡು, ಹಗ್ಗದ ಮೇಲೆ ಎರಡು ಕೈ. ಇಡೀ ರಾಜ್ಯ ನಾನು ಸೋತದ್ದನ್ನು ನೋಡುತ್ತಿದ್ದಾಗ ಈ ಮುದುಕ ಅದನ್ನು ನೋಡಿದ್ದರು. ಅವರ ಲೆಕ್ಕದಲ್ಲಿ ನಾನು ಸೋತೇ ಇರಲಿಲ್ಲ, ಒಂದು ಪಾಲು ತಪ್ಪಿಸಿದ್ದೆ ಅಷ್ಟೆ. ನನಗೆ ಅಳು, ನಗು ಒಟ್ಟಿಗೇ ಬಂತು. ವಾರವಿಡೀ ಜನ ನನ್ನನ್ನು ದಾನಶೂರೆ ಎಂದು ಗೇಲಿ ಮಾಡಿ ಸಂದೇಶ ಕಳಿಸಿದರು. ಒಂದೂ ತಾಗಲಿಲ್ಲ.

ಆಟಿ ತಿಂಗಳ ಮಳೆಯಲ್ಲಿ ತಂಡೇಲರು ಹಾಸಿಗೆ ಹಿಡಿದರು. ಮಣಿಪಾಲದ ಆಸ್ಪತ್ರೆಯಲ್ಲಿ ನೋಡಲು ಹೋದಾಗ ಆಮ್ಲಜನಕದ ಮುಖವಾಡ ಸರಿಸಿ ಕೇಳಿದ್ದು ಅದನ್ನೇ. "ಆ ಹುಡುಗ ಸಿಕ್ಕಿದನಾ? ಮಳೆ ಮುಗಿದು ಬಲೆ ಇಳಿಸಿದ ಕೂಡ್ಲೇ ಅವನ ಪಾಲು ಕೊಟ್ಟು ಬಾ." ನಾಲ್ಕು ದಿನದ ನಂತರ ಅವರು ತೀರಿಕೊಂಡರು.

ಮಳೆ ಮುಗಿದ ಮೇಲಿನ ಮೊದಲ ಬಲೆಯ ಹಗ್ಗವನ್ನು ನಾನೂ ಎಳೆದೆ. ಆ ಹುಡುಗ ಬೇರೆ ಯಾವುದೋ ಚಿತ್ರೀಕರಣಕ್ಕೆ ಕಾರ್ಕಳಕ್ಕೆ ಬಂದಿದ್ದಾನೆಂದು ವಿಚಾರಿಸಿ ತಿಳಿದುಕೊಂಡಿದ್ದೆ. ಹತ್ತು ಬಂಗುಡೆ ಮೀನುಗಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ನನ್ನ ಮಾತು ಕೇಳಿ ಅವನು ಹೆದರಿಬಿಟ್ಟ. "ಜೋರಾಗಿ ಹೇಳ್ಬೇಡಿ ಮೇಡಂ. ನಾವು ಯಾವುದಕ್ಕೂ ಕೈ ಹಾಕುವ ಹಾಗಿಲ್ಲ, ಕೆಲಸ ಹೋಗ್ತದೆ. ನೀವೆಲ್ಲ ಮುಳುಗ್ತೀರಿ ಅನಿಸಿತು, ಹಿಡಿದೆ. ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ."

"ಒಬ್ಬರು ನೋಡಿದರು" ಎಂದೆ.

ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡ. ಆಮೇಲೆ, ಜೊತೆಗೆ ಬಂದಿರಬಹುದು ಎಂದುಕೊಂಡನೋ ಏನೋ, ನನ್ನ ಬೆನ್ನ ಹಿಂದೆ ರಸ್ತೆಯುದ್ದಕ್ಕೂ ನೋಡಿ ಕೇಳಿದ: "ಅವರೆಲ್ಲಿದ್ದಾರೆ ಮೇಡಂ? ನಾನೊಮ್ಮೆ ಮಾತಾಡಿಸಬೇಕಿತ್ತು."